ಯಂತ್ರಕ್ಕೆ ಒಡೆದ ತೆಂಗಿನಕಾಯಿ

ಆಂಧ್ರದ ಸಾಲೂರಿನ ಲಕ್ಷ್ಮೀಗಣಪತಿ ಟಾಕೀಸಿನ ಆಪರೇಟರ್ ಪೈಡಿರಾಜುವಿನಂಥ ಪುಕ್ಕಲ ಸುತ್ತ ಹತ್ತೂರಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಹಲ್ಲಿ ಲೊಚಗುಟ್ಟಿದರೂ ಬೆಚ್ಚಿಬೀಳುವ ಆಸಾಮಿ. ಅಂಗಡಿಯವನು ಹುಳುಕು ಬೇಳೆ ಕೊಟ್ಟರೆ ತುಟಿ ಪಿಟಕ್ಕೆನ್ನದೆ ಮನೆಗೆ ತರುತ್ತಾನೆ, ಹೆಂಡತಿ ಗೌರಮ್ಮ ಅದನ್ನು ವಾಪಸು ಒಯ್ದು ಜಗಳ ಮಾಡಿ ಬೇರೆ ತರುತ್ತಾಳೆ. ತನ್ನ ಗಂಡನೂ ಹುಲಿಯೇ, ಆದರೆ ಬಾಗಿಲು ಹಾಕಿಕೊಂಡಾಗ ಮಾತ್ರ ಅಂತ ಅವಳು ಬೀದಿಯವರ ಮುಂದೆಲ್ಲ ಹೇಳಿ ನಗುತ್ತಾಳೆ. ಸುಳ್ಳೇನಲ್ಲ. ಮೂವತ್ತಾರು ವರ್ಷದಿಂದ ಅವನು ಬದುಕಿರುವುದೇ ಟಾಕೀಸಿನ ಮೇಲಿನ ಆ ಪುಟ್ಟ ಕೋಣೆಯೊಳಗೆ, ಅಗುಳಿ ಹಾಕಿಕೊಂಡು.

ಶುಕ್ರವಾರ ಹೊಸ ಸಿನಿಮಾ ಬರುತ್ತದೆ ಅಂದರೆ ಊರಿಗೆಲ್ಲ ಹಬ್ಬ. ಇವನು ಗುರುವಾರ ಸಂಜೆಯಿಂದಲೇ ಕೋಣೆಯ ಅಗುಳಿಯನ್ನು ಹಾಕಿ ತೆಗೆದು ನೋಡತೊಡಗುತ್ತಾನೆ. ನಗೆ ಸಿನಿಮಾ ಬಂದರೆ ಪರವಾಗಿಲ್ಲ, ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಮನೆಗೆ ಹೋಗುತ್ತಾರೆ. ಪ್ರೇಮದ ಸಿನಿಮಾಕ್ಕೆ ಬರುವವರಿಗೆ ಪಕ್ಕದವರ ಮೇಲೆ ಗಮನ ಜಾಸ್ತಿ, ಮೇಲಿನ ಕೋಣೆಯ ಗೊಡವೆ ಕಮ್ಮಿ. ದೆವ್ವದ ಸಿನಿಮಾ ಬಂತೋ, ಪೈಡಿರಾಜು ಯಂತ್ರ ಚಾಲೂ ಮಾಡಿ ಕಿಂಡಿಗೆ ಬೆನ್ನು ಹಾಕಿ ಆಂಜನೇಯನ ಹೆಸರು ಹೇಳಿಕೊಳ್ಳುತ್ತ ಕೂರುತ್ತಾನೆ. ಇಷ್ಟು ವರ್ಷದಲ್ಲಿ ಅದೆಷ್ಟು ದೆವ್ವದ ಸಿನಿಮಾ ತೋರಿಸಿದ್ದಾನೋ, ಒಂದನ್ನೂ ನೋಡಿಲ್ಲ. ಇದಕ್ಕೇನನ್ನಬೇಕು ಹೇಳಿ.

ಆದರೆ ಅವನ ಜೀವ ಬಾಯಿಗೆ ಬರುವುದು ದೊಡ್ಡ ಹೀರೋನ ಹೊಡೆದಾಟದ ಸಿನಿಮಾ ಬಂದಾಗ. ಅಲ್ಲಿ ಹೆದರಿಕೆ ಪರದೆಯ ಮೇಲಲ್ಲ, ಪರದೆಯ ಈಚೆ ಕುರ್ಚಿಗಳಲ್ಲಿರುತ್ತದೆ. ಅವನು ಕೆಲಸಕ್ಕೆ ಸೇರಿದ ವರ್ಷ ಹಾಗೊಂದು ಸಿನಿಮಾದ ಮೊದಲ ದಿನ ರೀಲು ತುಂಡಾಯಿತು. ಅಂಟಿಸುವುದು ಹತ್ತು ನಿಮಿಷದ ಕೆಲಸ, ಜನ ಐದು ನಿಮಿಷಕ್ಕೇ ಮೆಟ್ಟಿಲು ಹತ್ತಿ ಬಂದರು. ಅವನಿಗೆ ಕೆಲಸ ಕಲಿಸಿದ ಖಾಸಿಂ ಸಾಹೇಬರನ್ನು ಅಂಗಿ ಹಿಡಿದು ಎಳೆದು ಕೆನ್ನೆಗೆ ಬಾರಿಸಿದರು. ಪೈಡಿರಾಜು ರೀಲಿನ ಡಬ್ಬಗಳ ಹಿಂದೆ ಅವಿತು ಉಸಿರು ಬಿಗಿ ಹಿಡಿದು ಎಲ್ಲ ನೋಡಿದ್ದ. ಸಾಹೇಬರಿಗೆ ಎಡಗಿವಿ ಹೋಯಿತು. ಬಾಗಿಲಿಗೆ ದಪ್ಪ ಅಗುಳಿ ಬಂದದ್ದು ಆಮೇಲೆ, ಅದನ್ನು ಹಾಕಿಸಿದವನು ಪೈಡಿರಾಜು.

ರೀಲುಗಳು ಹೋದವು. ಈಗ ಇಡೀ ಸಿನಿಮಾ ಅಂಗೈಯಗಲದ ಒಂದು ಹಾರ್ಡ್ ಡಿಸ್ಕಿನಲ್ಲಿ ಬರುತ್ತದೆ. ಆದರೆ ಪೂಜೆ ಮಾತ್ರ ಹೋಗಿಲ್ಲ. ರೀಲಿನ ಕಾಲದಲ್ಲಿ ಹೊಸ ಸಿನಿಮಾದ ತಗಡಿನ ಪೆಟ್ಟಿಗೆ ಬಂದ ಕೂಡಲೇ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಆ ನೀರನ್ನೇ ಪೆಟ್ಟಿಗೆಯ ಮೇಲೆ ಚಿಮುಕಿಸುತ್ತಿದ್ದರು. ಡಿಸ್ಕಿನ ಕಾಲ ಬಂದ ಮೇಲೆ ಪೈಡಿರಾಜು ಕಾಯಿಯನ್ನು ಕೆಳಗೆ ಮೆಟ್ಟಿಲ ಬುಡದಲ್ಲಿ ಒಡೆಸಿ, ಮೇಲೆ ಬರೀ ಕುಂಕುಮದ ಬೊಟ್ಟು ಇಡುತ್ತಿದ್ದ. ಅಷ್ಟು ಬುದ್ಧಿ ಅವನಿಗಿತ್ತು.

ಈ ಸಂಕ್ರಾಂತಿಗೆ ನಾಲ್ಕು ಸಿನಿಮಾ ಒಟ್ಟಿಗೆ ಬಂದವು. ಒಂದು ಮದುವೆ ಮನೆಯ ನಗೆಯದು, ಒಂದು ಮಕ್ಕಳ ಕಾರ್ಟೂನಿನದು, ಒಂದು ದೆವ್ವದ್ದು. ಈ ಮೂರೂ ಟಾಕೀಸಿನ ಪಕ್ಕಕ್ಕೇ ಆಮೇಲೆ ಕಟ್ಟಿದ ಚಿಕ್ಕ ಹಾಲಿಗೆ, ಹೊತ್ತಿಗೊಂದರಂತೆ, ಅಲ್ಲಿನ ಯಂತ್ರಕ್ಕೆ ಬೇರೆ ಹುಡುಗ. ನಾಲ್ಕನೆಯದು ದೊಡ್ಡ ಹೀರೋನದು, ದೊಡ್ಡ ಹಾಲಿಗೆ, ಬೆಳಿಗ್ಗೆ ಎಂಟಕ್ಕೆ ಮೊದಲ ಆಟ. ಗೌರಮ್ಮ ಬುತ್ತಿಯ ಜೊತೆ ಹಬ್ಬದ ಕಜ್ಜಾಯ, ನಾಲ್ಕು ಅರಿಸೆ ಕಟ್ಟಿಕೊಟ್ಟಿದ್ದಳು. ಅವನು ಒಂದನ್ನೂ ಮುಟ್ಟಲಿಲ್ಲ.

ಡಿಸ್ಕು ತರುವವನು ಗುರುವುಲು. ಬೊಬ್ಬಿಲಿಯಿಂದ ಮೋಟಾರ್ ಸೈಕಲ್ಲಿನಲ್ಲಿ ಡಿಸ್ಕು ಹೊತ್ತು ತಂದು ಕೊಡುವುದೇ ಅವನ ಕೆಲಸ. ಹಿಂದಿನ ಸಂಜೆಯೇ ಬರಬೇಕಾದದ್ದು ಬೊಬ್ಬಿಲಿಗೇ ತಡವಾಗಿ ಬಂದಿತ್ತು, ಸಾಲದ್ದಕ್ಕೆ ದಾರಿಯಲ್ಲಿ ಟೈರು ಪಂಕ್ಚರ್. ಆರಕ್ಕೆ ಬರಬೇಕಾದವನು ಏಳು ದಾಟಿಸಿ ಬಂದ. ಅಷ್ಟು ಹೊತ್ತಿಗೆ ಗೇಟಿನ ಹೊರಗೆ ಆರುನೂರು ಜನ. ಕಟೌಟಿಗೆ ಹಾಲು ಸುರಿದಾಗಿತ್ತು, ತಮಟೆ ನಿಂತಿರಲಿಲ್ಲ. ಗುರುವುಲು ಬೆವರು ಒರೆಸಿಕೊಂಡು ಡಿಸ್ಕನ್ನು ಪೈಡಿರಾಜುವಿನ ಕೈಗಿಟ್ಟು, ಗೇಟಿನ ಬಳಿ ಟೀ ಕುಡಿಯಲು ಹೋದ.

ಅವನ ಬೆನ್ನಿಗೇ ಮೇಲೆ ಬಂದವನು ಅಭಿಮಾನಿ ಸಂಘದ ಅಧ್ಯಕ್ಷ ಸತ್ತಿಬಾಬು. ಆಳೆತ್ತರ, ಹೀರೋನ ಮುಖವಿದ್ದ ಬನಿಯನ್ನು, ಕೈಯಲ್ಲಿ ಜುಟ್ಟಿನ ತೆಂಗಿನಕಾಯಿ. ಯಂತ್ರಕ್ಕೇ ಒಡೆಯಬೇಕು ಅಂದ.

ಮೆಟ್ಟಿಲ ಹತ್ತಿರ ಒಡೆಯೋಣವೇ ಅಂತ ಪೈಡಿರಾಜು ಮೆಲ್ಲಗೆ ಕೇಳಿದ.

"ಏನ್ ಬಾಬಾಯ್, ನಮ್ ಹೀರೋ ಏನು ಬೀದೀಲಿ ಬಿದ್ದಿದಾನಾ ಮೆಟ್ಟಿಲ ಹತ್ರ ಒಡಿಯೋಕೆ?" ಅಂದ ಸತ್ತಿಬಾಬು. "ಹಿಂದೆಲ್ಲ ಪೆಟ್ಟಿಗೆ ಮೇಲೇ ನೀರು ಹಾಕ್ತಿದ್ರಂತೆ. ನಮ್ಮಪ್ಪ ಹೇಳಿದಾನೆ. ಹಾಕು."

ಊರೆಲ್ಲ ಪೈಡಿರಾಜುವನ್ನು ಚಿಕ್ಕಪ್ಪ ಅನ್ನುವ ಅರ್ಥದಲ್ಲಿ ಬಾಬಾಯ್ ಅಂತಲೇ ಕರೆಯುವುದು. ಆದರೆ ಆ ದನಿಯಲ್ಲಿ ಚಿಕ್ಕಪ್ಪನ ಮರ್ಯಾದೆ ಇರಲಿಲ್ಲ. ಬೇಡ ಅನ್ನುವ ಒಂದು ಮಾತು ಪೈಡಿರಾಜುವಿನ ನಾಲಿಗೆಯ ತುದಿಗೆ ಬಂತು, ಅಲ್ಲೇ ಒಣಗಿತು. ಕಾಯಿ ಒಡೆದ. ಇಪ್ಪತ್ತು ಚಿಲ್ಲರೆ ವರ್ಷ ತಗಡಿನ ಪೆಟ್ಟಿಗೆಗೆ ಚಿಮುಕಿಸಿದ ಕೈ, ಅದರ ಪಾಡಿಗೆ ಅದು ಹೋಳು ಓರೆ ಮಾಡಿತು. ಸ್ವಲ್ಪ ಅಂದುಕೊಂಡದ್ದು ಗಳಕ್ಕನೆ ಡಿಸ್ಕಿನ ಮೇಲೆ ಬಿತ್ತು. ಸತ್ತಿಬಾಬು ಜೈಕಾರ ಹಾಕಿ ಕೆಳಗಿಳಿದ. ಪೈಡಿರಾಜು ಟವೆಲ್ಲಿನಿಂದ ಡಿಸ್ಕು ಒರೆಸಿದ, ಊದಿದ, ಮತ್ತೆ ಒರೆಸಿದ, ಆಂಜನೇಯನನ್ನು ನೆನೆದು ಯಂತ್ರಕ್ಕೆ ಸಿಕ್ಕಿಸಿದ. ಟಕ್ ಅಂತು. ಸುಟ್ಟ ವಾಸನೆ ಬಂತು. ಆಮೇಲೆ ಅವನು ಏನು ಮಾಡಿದರೂ ಡಿಸ್ಕು ಉಸಿರೆತ್ತಲಿಲ್ಲ.

ಮೊದಲು ಮಾಡಿದ ಕೆಲಸ ಅಗುಳಿ ಹಾಕಿದ್ದು. ಆಮೇಲೆ ಕೆಳಗಿನ ಆಫೀಸಿಗೆ ಫೋನು ಮಾಡಿ ಮಾಲೀಕ ಅಪ್ಪಲನಾಯ್ಡುಗೆ ಡಿಸ್ಕು ಕೆಟ್ಟಿದೆ ಅಂದ. ಹೇಗೆ ಕೆಟ್ಟಿತು ಅಂತ ನಾಯ್ಡು ಕೇಳಿದ್ದಕ್ಕೆ ಗೊತ್ತಿಲ್ಲ ಅಂದ. ಆ ಗುರುವುಲು ದಾರಿಯಲ್ಲಿ ಎತ್ತಿಹಾಕಿರಬೇಕು ಅಂತ ನಾಯ್ಡು ಅಂದಾಗ, ಇರಬಹುದು ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಫೋನು ಕೆಳಗಿಟ್ಟ.

ಎಂಟೂವರೆಗೆ ಹಾಲಿನೊಳಗೆ ತುಂಬಿ ಕೂತ ಜನ ಕುರ್ಚಿ ಬಡಿಯತೊಡಗಿದರು. ಅಪ್ಪಲನಾಯ್ಡು ಪರದೆಯ ಮುಂದಿನ ಕಟ್ಟೆ ಹತ್ತಿ ಕೈಮುಗಿದು, ತಂದವನ ಬೇಜವಾಬ್ದಾರಿಯಿಂದ ಡಿಸ್ಕು ಹಾಳಾಗಿದೆ, ಬೇರೆಯದು ತರಿಸುತ್ತೇವೆ, ಮಧ್ಯಾಹ್ನ ಎರಡಕ್ಕೆ ಆಟ ಅಂದ. ಹಾಗಂದು ಪಕ್ಕದ ಬಾಗಿಲಿನಿಂದ ಮೆಲ್ಲಗೆ ಜಾರಿಕೊಂಡ. ಶಾಣ್ಯಾ ಮನುಷ್ಯ. ತಂದವನು ಯಾರು ಅಂತ ಜನ ಕೇಳಿದರು. ಟೀ ಲೋಟ ಹಿಡಿದಿದ್ದ ಗುರುವುಲುವನ್ನು ಹಾಗೇ ಎಳೆದು ತಂದು ಕಟ್ಟೆ ಹತ್ತಿಸಿದರು.

ಪೈಡಿರಾಜು ಕಿಂಡಿಯಿಂದ ನೋಡುತ್ತಿದ್ದ. ದೆವ್ವದ ಸಿನಿಮಾಕ್ಕೆ ಹಾಕಿದಂತೆ ಬೆನ್ನು ಹಾಕಲು ನೋಡಿದ, ಆಗಲಿಲ್ಲ.

"ನಮ್ಮಮ್ಮನಾಣೆ ಅಣ್ಣಾ, ಎದೆಗೆ ಕಟ್ಕೊಂಡು ತಂದಿದೀನಿ," ಅನ್ನುತ್ತಿದ್ದ ಗುರುವುಲು. "ಪಂಕ್ಚರ್ ಹಾಕಿಸ್ವಾಗಲೂ ಕೆಳಗಿಟ್ಟಿಲ್ಲ."

ಸತ್ತಿಬಾಬು ಕೈಯೆತ್ತಿ ಬಾರಿಸಿದ. ಗುರುವುಲು ಎಡಗಿವಿ ಮುಚ್ಚಿಕೊಂಡು ಕುಕ್ಕರಿಸಿದ.

ಖಾಸಿಂ ಸಾಹೇಬರಿಗೆ ಹೋದದ್ದೂ ಅದೇ ಕಿವಿ. ಇಲ್ಲಿ ಅವಿತುಕೊಳ್ಳಲು ಡಬ್ಬಗಳಿರಲಿಲ್ಲ ಅಷ್ಟೇ, ಪೈಡಿರಾಜು ಅಂತೂ ಅವಿತೇ ಇದ್ದ. ಅಗುಳಿ ತೆಗೆದ. ಧೈರ್ಯ ಬಂತು ಅಂತ ತಿಳಿಯಬೇಡಿ. ಇಪ್ಪತ್ತೆರಡು ಮೆಟ್ಟಿಲು ಗೋಡೆ ಹಿಡಿದುಕೊಂಡು ಇಳಿದ ಮನುಷ್ಯ ಬಲಕ್ಕೆ ಹಾಲಿನೊಳಗೆ ಹೋಗಲಿಲ್ಲ, ಎಡಕ್ಕೆ ಸೈಕಲ್ಲಿನ ಹತ್ತಿರ ಹೋದ. ಸ್ಟ್ಯಾಂಡು ತೆಗೆದೂ ಬಿಟ್ಟ. ಐದು ನಿಮಿಷದಲ್ಲಿ ಮನೆ, ಗೌರಮ್ಮ, ಬಾಗಿಲು. ಪಕ್ಕದಲ್ಲೇ ಗುರುವುಲುವಿನ ಮೋಟಾರ್ ಸೈಕಲ್ ನಿಂತಿತ್ತು. ಹ್ಯಾಂಡಲಿಗೆ ಒಂದು ಹಳೆಯ ಸೀರೆಯ ತುಂಡು ತೂಗುತ್ತಿತ್ತು. ಎಳೆಮಗುವನ್ನು ಕಟ್ಟಿಕೊಳ್ಳುವ ಹಾಗೆ ಗಂಟು ಹಾಕಿದ ತುಂಡು. ಡಿಸ್ಕನ್ನು ಎದೆಗೆ ಕಟ್ಟಿಕೊಂಡು ತಂದದ್ದು ಅದರಲ್ಲೇ. ಪೈಡಿರಾಜು ಅದನ್ನೇ ನೋಡುತ್ತ ನಿಂತ. ಒಳಗಿನಿಂದ ಇನ್ನೊಂದು ಏಟಿನ ಸದ್ದು ಕೇಳಿತು. ಸೈಕಲ್ಲನ್ನು ಬಿಟ್ಟು ಹಿಂದಿರುಗಿದ, ಅದು ಧಡಾರನೆ ಬಿತ್ತು.

ಮತ್ತೆ ಗೋಡೆ ಹಿಡಿದುಕೊಂಡೇ ಹಾಲಿನೊಳಗೆ ಹೋಗಿ ಕಟ್ಟೆ ಹತ್ತಿದ. ಆರುನೂರು ಮುಖ ಅವನ ಕಡೆ ತಿರುಗಿದವು. ಯಾರಪ್ಪ ಇವನು ಅಂತ ಮುಂದಿನ ಸಾಲಿನವನೊಬ್ಬ ಕೇಳಿದ. ತಪ್ಪಲ್ಲ ಬಿಡಿ, ಬಾಬಾಯ್ ಅಂತ ಕರೆಯುವ ಊರು ಅವನನ್ನು ಬೆಳಕಿನಲ್ಲಿ ನೋಡಿದ್ದೇ ಕಡಿಮೆ.

"ನಾನು ಪೈಡಿರಾಜು. ಮೇಲೆ ಸಿನಿಮಾ ಬಿಡೋನು," ಅಂದ. ದನಿ ಮೂರನೆಯ ಸಾಲು ದಾಟಲಿಲ್ಲ. ಗಂಟಲು ಸರಿಮಾಡಿಕೊಂಡು ಮತ್ತೆ ಅಂದ, "ಅವನನ್ನ ಬಿಡಿ. ಡಿಸ್ಕು ಕೆಡಿಸಿದ್ದು ನಾನು. ಕಾಯಿ ಒಡೆದು ನೀರು ಹಾಕ್ದೆ, ಒಳಗೆ ಹೋಯ್ತು."

ಯಾರೋ ಒಬ್ಬ ಕಟ್ಟೆಗೆ ನೆಗೆದು ಅವನ ಕೆನ್ನೆಗೆ ಬಿಗಿದ. ಕಣ್ಣ ಮುಂದೆ ಕತ್ತಲು ಕವಿಯಿತು, ಹೋಯಿತು. ಪೈಡಿರಾಜು ನಿಂತೇ ಇದ್ದ. ಮೂವತ್ತಾರು ವರ್ಷ ಹೆದರಿದ್ದು ಇಷ್ಟಕ್ಕೇನಾ ಅಂತ ಅವನಿಗೆ ಅನ್ನಿಸಿತು.

ಯಂತ್ರಕ್ಕೆ ಕಾಯಿ ಒಡೆಯಲು ಹೇಳಿದ ಬುದ್ಧಿವಂತ ಯಾರು ಅಂತ ಹಿಂದಿನಿಂದ ಒಬ್ಬ ಕೂಗಿ ಕೇಳಿದ. ಪೈಡಿರಾಜು ಸತ್ತಿಬಾಬುವಿನ ಕಡೆ ನೋಡಿದ. ಆಳೆತ್ತರದ ಆ ಮನುಷ್ಯ ಮುಖ ಬಿಳಿಚಿಕೊಂಡು ನೆಲ ನೋಡುತ್ತ ನಿಂತಿದ್ದ. ಆ ಹೆದರಿಕೆಯ ಪರಿಚಯ ಪೈಡಿರಾಜುವಿಗಿಂತ ಚೆನ್ನಾಗಿ ಇನ್ಯಾರಿಗಿರಬೇಕು.

"ಬೇಡ ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ," ಅಂದ ಪೈಡಿರಾಜು. ಹೆಸರು ಹೇಳಲಿಲ್ಲ.

ಇಷ್ಟಾದ ಮೇಲೆ ಯಾರನ್ನು ಹೊಡೆಯುವುದು? ಅವರ ಹೀರೋನ ಸಲುವಾಗಿಯೇ ಒಡೆದ ಕಾಯಿ. ಜನ ಗೊಣಗಿಕೊಂಡು ಎದ್ದರು, ಕೆಲವರು ನಕ್ಕರು. ಅರ್ಧ ಜನ ಚಿಕ್ಕ ಹಾಲಿಗೆ ಹೋಗಿ ಮದುವೆ ಮನೆಯ ಸಿನಿಮಾ ನೋಡಿದರು.

ಬೇರೆ ಡಿಸ್ಕು ತರಲು ಬೊಬ್ಬಿಲಿಗೆ ಹೋದವನು ಗುರುವುಲುವೇ. ಕೆಲಸ ಅವನದು, ಇನ್ಯಾರು ಹೋಗಬೇಕು. ಹನ್ನೊಂದೂವರೆ ಹೊತ್ತಿಗೆ ಸತ್ತಿಬಾಬು ಇನ್ನೊಂದು ಕಾಯಿ ಹಿಡಿದು ಮೆಟ್ಟಿಲ ಬುಡದಲ್ಲಿ ಬಂದು ನಿಂತ. ಮೇಲೆ ಹತ್ತಲಿಲ್ಲ. ತಲೆ ತಗ್ಗಿಸಿಕೊಂಡೇ, ತರಲಾ ಬಾಬಾಯ್ ಅಂತ ಕೇಳಿದ.

"ಬೇಡ. ಅಲ್ಲೇ ಒಡಿ," ಅಂದ ಪೈಡಿರಾಜು.

ಹುಟ್ಟಿದಾಗಿನಿಂದ ಯಾರಿಗೂ ಬೇಡ ಅನ್ನದವನು. ಸತ್ತಿಬಾಬು ಅಲ್ಲೇ ಒಡೆದು ಹೋದ. ಪೈಡಿರಾಜುವಿಗೆ ಎದೆಯೊಳಗೆ ಏನೋ ಹಗುರಾಯಿತು, ಕೆನ್ನೆಯ ಉರಿಯೂ ಮರೆಯಿತು. ಬುತ್ತಿ ಬಿಚ್ಚಿ ಒಂದು ಅರಿಸೆ ಮುರಿದು ಬಾಯಿಗೆ ಹಾಕಿಕೊಂಡ. ರಾತ್ರಿ ಗೌರಮ್ಮನಿಗೆ ಇದನ್ನು ಹೇಗೆ ಹೇಳಬೇಕು, ಎಲ್ಲಿಂದ ಶುರು ಮಾಡಬೇಕು ಅಂತ ಯೋಚಿಸತೊಡಗಿದ.

ಆಗ ಗುರುವುಲು ಬಂದ. ಅಗುಳಿ ಹಾಕಿರಲಿಲ್ಲ, ನೂಕಿಕೊಂಡು ಒಳಗೆ ಬಂದ. ಎದೆಯ ಮೇಲಿನ ಗಂಟು ಬಿಚ್ಚಿ ಡಿಸ್ಕನ್ನು ಮೇಜಿನ ಮೇಲಿಟ್ಟ. ಅವನ ಎಡಗಿವಿ ಕೆಂಪಗೆ ಊದಿಕೊಂಡಿತ್ತು. ಪೈಡಿರಾಜು ಅರಿಸೆಯ ಕೈಯಲ್ಲೇ ಅವನ ಕೈ ಹಿಡಿದು ತಪ್ಪಾಯಿತು ಅಂದ. ಗುರುವುಲು ಕೇಳಿಸಲಿಲ್ಲವೆಂಬಂತೆ ಬಲಗಿವಿ ಅವನ ಕಡೆ ತಿರುಗಿಸಿದ. ಪೈಡಿರಾಜು ಇನ್ನೊಮ್ಮೆ ಹೇಳಬೇಕಾಯಿತು.

ಗುರುವುಲು ಬಯ್ಯಲಿಲ್ಲ. ಸೀರೆಯ ತುಂಡನ್ನು ಮಡಿಸಿಕೊಳ್ಳುತ್ತ, "ಎರಡು ಏಟು ಮುಂಚೆ ಬರಬಾರದಿತ್ತಾ ಬಾಬಾಯ್?" ಅಂದ.

ಪೈಡಿರಾಜು ಉಳಿದ ಅರಿಸೆಯನ್ನು ಬುತ್ತಿಗೆ ವಾಪಸು ಇಟ್ಟ. ಗುರುವುಲು ಮೆಟ್ಟಿಲು ಇಳಿದು ಹೋದ ಮೇಲೆ ಅವನು ಕೈ ತೊಳೆದು, ಎರಡು ಸಲ ಒರೆಸಿಕೊಂಡು, ಡಿಸ್ಕನ್ನು ಯಂತ್ರಕ್ಕೆ ಸಿಕ್ಕಿಸಿದ.