ನಾನು ತೆಗೆಯದ ಫೋಟೊ

"ಅಜ್ಜಾರೇ, ಸ್ವಲ್ಪ ತಲೆ ಎತ್ತಿ" ಎಂದೆ. ಕುರ್ಚಿಯಲ್ಲಿ ಕೂತ ಅಜ್ಜ ಎತ್ತಲಿಲ್ಲ. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂಮಾಲೆ, ತಲೆಗೆ ಹೊಸ ರುಮಾಲು. ಅಂಗಳದಲ್ಲಿ ಭಜನೆ ನಡೆದಿತ್ತು. ಇನ್ನೊಮ್ಮೆ ಜೋರಾಗಿ ಹೇಳಿದೆ. ಆಗ ಅಜ್ಜನ ಮಗಳು ಮಹಾದೇವಿ ಹತ್ತಿರ ಬಂದು ಮೆತ್ತಗೆ ಅಂದಳು: "ಅಪ್ಪ ಮುಂಜಾನಿ ಹೋಗ್ಯಾನ್ರಿ ಸರ."

ಕುಂದಾಪುರದ ನನ್ನ ಜನರೇ, ನಗಬೇಡಿ. ನಮ್ಮಲ್ಲಿ ಸತ್ತವರನ್ನು ಮಲಗಿಸುತ್ತೇವೆ. ಇಲ್ಲಿ ಇವರು ಕೂರಿಸುತ್ತಾರೆ, ಭಜನೆ ಹಾಡುತ್ತಾರೆ, ಪಕ್ಕದಲ್ಲಿ ನಿಂತು ಕಡೆಯ ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಸರ್ಕಾರಿ ಫೋಟೊಗ್ರಾಫರ್. ಬಸವಕಲ್ಯಾಣದ ಹತ್ತಿರದ ಮೋರಖಂಡಿಗೆ ಹೋದದ್ದು, ಈ ಅಜ್ಜನಂಥವರಿಗೆ ಮನೆಜಾಗದ ಹಕ್ಕುಪತ್ರ ಹಂಚುವುದನ್ನು ತೆಗೆಯಲು. ಜನ ಸೇರಿದ್ದು ನಮಗಾಗಿಯೇ ಎಂದುಕೊಂಡೆ. ಸರ್ಕಾರದ ಕ್ಯಾಮೆರಾ ಹೆಗಲಿಗೇರಿದರೆ ಅಷ್ಟು ಜಂಬ ಬಂದೇ ಬರುತ್ತದೆ.

ವರ್ಗವಾಗಿ ಬಂದ ಹೊಸತು. ಹುಮನಾಬಾದಿನಲ್ಲಿ ಬಾಡಿಗೆ ಮನೆ ಹುಡುಕಿದರೆ ಮೊದಲ ಪ್ರಶ್ನೆ, "ಮೀನ ತಿಂತೀರೇನ್ರಿ?" ತಿನ್ನುತ್ತೇನೆ ಎಂದಲ್ಲೆಲ್ಲ ಬಾಗಿಲು ಮುಚ್ಚಿತು. ತಿಂದದ್ದನ್ನು ಬಚ್ಚಿಡುವ ಜಾಯಮಾನ ನನ್ನದಲ್ಲ. ಕೊನೆಗೆ ಮುಸ್ಲಿಂ ಓಣಿಯ ಒಬ್ಬ ಖಾಲಾ, ಎಂದರೆ ಚಿಕ್ಕಮ್ಮ, ನಗುತ್ತ ಕೀಲಿ ಕೊಟ್ಟರು. ಜೋಳದ ರೊಟ್ಟಿ, ಹುಳಿ ಹುಳಿಯಾದ ಪುಂಡಿಪಲ್ಯ ಗಂಟಲಿಗಿಳಿಯುವಷ್ಟರಲ್ಲಿ ಕಣ್ಣಲ್ಲಿ ನೀರು ಬಂದಿತ್ತು. ಊರಿಗೆ ವಾಪಸ್ ವರ್ಗ ಕೇಳಿದ್ದೆ. ನನ್ನ ಮೇಲಧಿಕಾರಿ ಸಾಹೇಬರ ಒಂದು ಸಹಿ ಬಾಕಿ ಇತ್ತು.

ಆ ಸಾಹೇಬರೇ ಮೋರಖಂಡಿಯಲ್ಲಿ ಜೀಪಿನಿಂದ ಇಳಿದರು. ವಿಷಯ ತಿಳಿದು ಕೈ ಮುಗಿದರು. ಆಮೇಲೆ ನನ್ನ ಕಿವಿಯಲ್ಲಿ, "ಹಕ್ಕುಪತ್ರ ಅಜ್ಜನ ಕೈಯಾಗ ಇಟ್ಟು ಒಂದ್ ಫೋಟು ಹೊಡೀರಿ. ಹ್ಯಾಂಗೂ ಕುಂತಾನ, ಪೇಪರದಾಗ ಗೊತ್ತಾಗಂಗಿಲ್ಲ" ಎಂದರು. ನಾನು ಕ್ಯಾಮೆರಾ ಕೆಳಗಿಳಿಸಿದೆ. ಅವರು ಮುಂದುವರಿಸಿದರು: "ನಿಮ್ಮ ವರ್ಗ ನನ್ನ ಕೈಯಾಗ ಅದ, ನೆನಪ ಇಡ್ರಿ."

ಮಹಾದೇವಿಗೆ ಕೇಳಿಸಿತ್ತು. "ಆ ಕಾಗದಾ ಕೇಳಿ ಕೇಳಿ ಅಪ್ಪನ ಜೀವಾ ಹೋತ್ರಿ. ಈಗ ಯಾಕ ಕೈಯಾಗ ಇಡಾಕತ್ತೀರಿ?"

ನನಗೆ ಸಿಟ್ಟು ನೆತ್ತಿಗೇರಿತು. "ಸತ್ತವರನ್ನ ಬದುಕಿದ್ದಾರೆ ಅಂತ ತೋರಿಸೋ ಫೋಟೊ ನಾನು ತೆಗೆಯಲ್ಲ ಸಾರ್."

"ನೌಕರಿ ಮಾಡಾಕತ್ತೀರೋ ಇಲ್ಲೋ?"

"ಮಾಡ್ತಿದ್ದೇನೆ ಸಾರ್. ಅದಕ್ಕೇ ತೆಗೆಯಲ್ಲ."

ಮನೆಯವರನ್ನೆಲ್ಲ ಅಜ್ಜನ ಎರಡೂ ಬದಿಗೆ ನಿಲ್ಲಿಸಿದೆ. ಸರ್ಕಾರದ ಕ್ಯಾಮೆರಾದಲ್ಲೇ, ಸಾಹೇಬರ ಕಣ್ಣೆದುರಿಗೇ, ಅಜ್ಜನ ಕಡೆಯ ಫೋಟೊ ತೆಗೆದೆ. ಹಕ್ಕುಪತ್ರ ಜೀಪಿನಲ್ಲಿ ವಾಪಸ್ ಹೋಯಿತು. ಮಹಾದೇವಿ ಬಿಡಲಿಲ್ಲ. ಬಸವಕಲ್ಯಾಣಕ್ಕೆ ಅಲೆದಲೆದು ತನ್ನ ಹೆಸರಿಗೆ ಮಾಡಿಸಿಕೊಂಡಳು. ಅವಳು ಅದನ್ನು ಹಿಡಿದು ನಿಂತದ್ದನ್ನೂ ನಾನೇ ತೆಗೆದೆ.

ನನ್ನ ವರ್ಗ ಮಾತ್ರ ಆಗಲಿಲ್ಲ. ಸಂಕಟವಾಗಲಿಲ್ಲ ಎಂದರೆ ಸುಳ್ಳಾದೀತು. "ಒಂದ್ ಫೋಟೊ ತೆಗ್ದಿದ್ರೆ ಏನಾತಿತ್ ಮಗಾ?" ಎಂದು ಅಮ್ಮ ಫೋನಿನಲ್ಲಿ ಅತ್ತಳು. ಈ ವರ್ಷವೂ ವರ್ಗ ಕೇಳಿದ್ದೇನೆ. ಸಾಹೇಬರೂ ಅವರೇ. ಅಂಥ ಫೋಟೊ ಮತ್ತೆ ಕೇಳಿದರೆ ಮತ್ತೆ ಇಲ್ಲ ಎನ್ನುತ್ತೇನೆ.

ಮೊನ್ನೆ ಸಂತೆಯಲ್ಲಿ ಮಹಾದೇವಿ ಸಿಕ್ಕಳು. "ಊರಿಗಿ ಹೋಗಂಗಿಲ್ಲೇನ್ರಿ ಅಣ್ಣಾ?"

"ಸಾಹೇಬ್ರು ಬಿಡ್ಲಿಲ್ಲಮ್ಮ."

"ಚಲೋ ಆತ್ ಬಿಡ್ರಿ, ಇಲ್ಲೇ ಇರ್ರಿ!" ಎಂದು ಬಾಯಿ ತುಂಬ ನಕ್ಕಳು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಖುಷಿಯಾಯಿತು. ನೀವು ಯಾರೂ ಇದನ್ನು ಅಮ್ಮನಿಗೆ ಓದಿ ಹೇಳಬೇಡಿ.