ಹೆಬ್ಬಾಳದ ದೋಣಿಗೆ ಆಲ್ಟರ್ನೇಟರ್ ಕಟ್ಟಿದ್ದು

ಗಾಡಿಯ ಬ್ಯಾಟರಿಗೆ ಚಾರ್ಜ್ ಕೊಡುವ ಡೈನಮೋಗಳ ವೈಂಡಿಂಗ್ ಕೆಲಸದಲ್ಲಿ ಯಶವಂತಪುರದ ಲಾರಿ ಸ್ಟ್ಯಾಂಡಿನ ಆಸುಪಾಸು ನನ್ನಪ್ಪನನ್ನು ಮೀರಿಸುವವರು ಇರಲಿಲ್ಲ. ಅಪ್ಪನನ್ನು ಬಿಟ್ಟರೆ ನಾನೇ. ಹಾಗೆ ಹೇಳಿಕೊಳ್ಳೋಕೆ ನನಗೆ ಆಗಲೂ ನಾಚಿಕೆ ಇರಲಿಲ್ಲ, ಈಗಲೂ ಇಲ್ಲ. ಆದರೆ ಅದು ಗಿರಾಕಿಗಳಿಗೆ ಗೊತ್ತಿರಲಿಲ್ಲ. ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ತಂತಿ ಸುತ್ತುತ್ತಿದ್ದೆ, ಅಪ್ಪ ಮುಂದಿನ ಬೆಂಚಿನಲ್ಲಿ ಅದನ್ನು ಜೋಡಿಸಿ ಕೊಡುತ್ತಿದ್ದರು. ಹೊಗಳಿಕೆ ಎಲ್ಲಾ ಮುಂದಿನ ಬೆಂಚಿಗೇ ಸಂದಾಯ.

ಆ ಕಾಲದ ಮೇಸ್ತ್ರಿಗಳಿಗೆ ಒಂದು ಅಭ್ಯಾಸವಿತ್ತು. ಯಾವ ಡೈನಮೋಗೆ ಎಷ್ಟು ಸುತ್ತು ಅನ್ನುವುದನ್ನು ಬೇರೆಯವರಿಗೆ ಬಾಯಿಬಿಡುತ್ತಿರಲಿಲ್ಲ. ಯಾರಾದರೂ ಹತ್ತಿರ ಬಂದರೆ ಅಪ್ಪ ಬೆನ್ನು ತಿರುಗಿಸಿ ಮನಸ್ಸಿನಲ್ಲೇ ಎಣಿಸುತ್ತಿದ್ದರು. ನಾನು ಸ್ವಂತ ಮಗಳು, ನನಗೆ ಆ ಲೆಕ್ಕ ಬಿಟ್ಟುಕೊಡಲೂ ಅವರಿಗೆ ನಾಲ್ಕು ವರ್ಷ ಬೇಕಾಯಿತು.

ಅರವತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ಅಪ್ಪನಿಗೆ ಕಣ್ಣು ಮಂಜಾಗತೊಡಗಿತು. ಆಯುಧಪೂಜೆ ಕಳೆದ ಮೇಲೆ ಅಂಗಡಿಯನ್ನು ದೊಡ್ಡಪ್ಪನ ಮಗನಿಗೆ ವಹಿಸುತ್ತೇನೆ ಅಂದರು. ಅಣ್ಣ ಒಳ್ಳೆಯವನೇ, ಆದರೆ ಸ್ಕ್ರೂ ಬಿಗಿಯುವುದಕ್ಕೂ ಮುರಿಯುವುದಕ್ಕೂ ಅವನಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

"ನಾನಿಲ್ವಾ?" ಅಂದೆ.

"ಹುಡುಗಿ ಕೈಗೆ ಗಾಡಿ ಯಾರ್ ಕೊಡ್ತಾರೆ ಮಗಾ?"

"ಒಂದ್ ಕೆಲಸ ಕೊಡಿ. ಶುರುವಿಂದ ಕೊನೇತನಕ ನಾನೇ ಮಾಡ್ತೀನಿ. ಸರಿ ಹೋಗ್ಲಿಲ್ಲ ಅಂದ್ರೆ ಅಣ್ಣನಿಗೇ ಕೊಡಿ, ನಾನು ತುಟಿ ಬಿಚ್ಚಲ್ಲ."

ಅಪ್ಪ ಒಪ್ಪಿದರು. ನಾನು ತುಟಿ ಬಿಚ್ಚದೆ ಇರುವುದನ್ನು ಒಮ್ಮೆ ನೋಡಬೇಕೆಂಬ ಆಸೆಯೂ ಅವರಿಗೆ ಇದ್ದಿರಬಹುದು.

ಆ ಒಂದು ಕೆಲಸ ಹೆಬ್ಬಾಳದಿಂದ ಬಂತು. ಊರಿನ ಹಳೇ ಮನೆತನದ ಗೌಡರೊಬ್ಬರು ಕೆರೆಯಲ್ಲಿ ಹಬ್ಬಿದ್ದ ಅಂತರಗಂಗೆ ಕಳೆಯನ್ನು ತೆಗೆಯುವ ಗುತ್ತಿಗೆ ಹಿಡಿದಿದ್ದರು. ಅದಕ್ಕೊಂದು ದೋಣಿ, ದೋಣಿಗೆ ಹಳೇ ಜೀಪಿನ ಎಂಜಿನ್. ಮಧ್ಯಾಹ್ನ ಆಗುವಷ್ಟರಲ್ಲಿ ಬ್ಯಾಟರಿ ಸತ್ತು ದೋಣಿ ಕೆರೆಯ ನಡುವೆ ನಿಂತುಬಿಡುತ್ತಿತ್ತು.

"ದಿನಾ ಬಿದಿರು ಗಳ ಊರ್ಕಂಡು ದಡ ಸೇರೋದಾಗದೆ ಮೇಸ್ತ್ರಿ. ಇಂಗಾದ್ರೆ ಎಂಗೆ? ಊರೋರೆಲ್ಲಾ ಏರಿ ಮೇಲೆ ನಿಂತ್ಕಂಡು ನಗ್ತಾವ್ರೆ," ಅಂದರು ಗೌಡರು.

ಗೌಡರು ತಂದಿದ್ದ ಡೈನಮೋವನ್ನು ಅಪ್ಪ ಬಿಚ್ಚಿ ನೋಡಿದರು. ಅದು ಚೆನ್ನಾಗಿಯೇ ಇತ್ತು. ನಾನು ಡೈನಮೋ ನೋಡುವ ಬದಲು ದೋಣಿಯನ್ನೇ ನೋಡಬೇಕು ಅಂದೆ. ಡೈನಮೋವನ್ನು ಮತ್ತೆ ಜೋಡಿಸಿ, ಸೆರಗು ಸಿಕ್ಕಿಸಿಕೊಂಡು ಇಡೀ ಒಂದು ದಿನ ಆ ದೋಣಿಯಲ್ಲಿ ಬ್ಯಾಟರಿ ಚಾರ್ಜ್ ತೋರಿಸುವ ಮೀಟರಿನ ಮುಳ್ಳು ನೋಡುತ್ತಾ ಕೂತೆ. ಏರಿಯ ಮೇಲಿನವರಿಗೆ ಅವತ್ತು ನಗಲು ಇನ್ನೊಂದು ಕಾರಣ ಸಿಕ್ಕಿತು. ನಕ್ಕರೆ ನಗಲಿ, ನನಗೆ ಬೇಕಾದದ್ದು ಸಿಕ್ಕಿತ್ತು. ಕಳೆಯ ನಡುವೆ ದೋಣಿ ಆಮೆಯ ಹಾಗೆ ಹೋಗುತ್ತದೆ. ಹತ್ತು ಮಾರು ಹೋಗುವಷ್ಟರಲ್ಲಿ ನೀರೊಳಗಿನ ಫ್ಯಾನಿಗೆ ಬೇರು ಸುತ್ತಿಕೊಳ್ಳುತ್ತದೆ. ಎಂಜಿನ್ ನಿಲ್ಲಿಸಬೇಕು, ಬೇರು ಕಿತ್ತು ಹಾಕಬೇಕು, ಮತ್ತೆ ಸೆಲ್ಫ್ ಹೊಡೆಯಬೇಕು. ಪ್ರತಿ ಸಲವೂ ಬ್ಯಾಟರಿಯಿಂದ ಹೋಗುವುದೇ ಹೊರತು ಬರುವುದು ಏನೂ ಇಲ್ಲ, ಯಾಕೆಂದರೆ ಅಷ್ಟು ನಿಧಾನದಲ್ಲಿ ಡೈನಮೋ ಕರೆಂಟೇ ಕೊಡುವುದಿಲ್ಲ.

"ಇದಕ್ಕೆ ಆಲ್ಟರ್ನೇಟರ್ ಬೇಕಪ್ಪ. ಅದು ನಿಧಾನಕ್ಕೆ ತಿರುಗಿದ್ರೂ ಚಾರ್ಜ್ ಮಾಡುತ್ತೆ," ಅಂದೆ.

ಅಪ್ಪನ ಮುಖ ಹುಳ್ಳಗಾಯಿತು. "ಡೈನಮೋಗೆ ಚಿಕ್ಕ ಪುಲ್ಲಿ ಹಾಕು. ಜೋರಾಗಿ ತಿರುಗುತ್ತೆ."

"ಕಳೆ ತುಂಬ್ಕೊಂಡು ದಡಕ್ಕೆ ವಾಪಸ್ ಬರೋವಾಗ ಎಂಜಿನ್ ಪೂರ್ತಿ ಎಳೀತಾರೆ. ಚಿಕ್ಕ ಪುಲ್ಲೀಲಿ ಆ ಸ್ಪೀಡಿಗೆ ಡೈನಮೋ ಕಿತ್ಕೊಂಡ್ ಹೋಗುತ್ತೆ."

"ಹಂಗಾದ್ರೆ ಇನ್ನೊಂದು ಬ್ಯಾಟರಿ ಇಡು."

"ನಲ್ಲೀಲಿ ನೀರೇ ಬರ್ದೆ ಇದ್ರೆ ಇನ್ನೊಂದು ಬಿಂದಿಗೆ ಇಟ್ಟು ಏನ್ ಮಾಡೋದಪ್ಪ?"

ಡೈನಮೋ ಕೆಟ್ಟರೆ ಕಲ್ಲಿನ ಮೇಲಿಟ್ಟಾದರೂ ರಿಪೇರಿ ಮಾಡಬಹುದು, ಈ ಹೊಸದನ್ನು ಮಾಡುವವರು ಯಾರು ಅಂತ ಅಪ್ಪ ಗೊಣಗಿದರು. ಆ ಮಾತು ಸುಳ್ಳಲ್ಲ. ಆದರೂ ನನಗೆ ಅನುಮಾನವೇ ಇರಲಿಲ್ಲ. ಹೈವೇಯಲ್ಲಿ ಓಡುವ ಲಾರಿಯಾಗಿದ್ದರೆ ನಾನೂ ಡೈನಮೋ ಅನ್ನುತ್ತಿದ್ದೆ. ಇದು ನಿಂತು ನಿಂತು ತೆವಳುವ ದೋಣಿ.

ಶಿವಾಜಿನಗರದ ಗುಜರಿಯಲ್ಲಿ ನಾಲ್ಕು ದಿನ ಅಲೆದು ಒಂದು ವಿದೇಶಿ ಆಲ್ಟರ್ನೇಟರ್ ಹುಡುಕಿದೆ. ಅದರ ಮೈಮೇಲೆ ಇಂಗ್ಲಿಷಿನಲ್ಲಿ ಒಂದು ತಗಡಿನ ಪಟ್ಟಿ ಇತ್ತು. ಎಂಜಿನ್ ಓಡುವಾಗ ಬ್ಯಾಟರಿ ತಂತಿ ತೆಗೆಯಬೇಡಿ, ತೆಗೆದರೆ ಒಳಗಿನ ಡಯೋಡುಗಳು ಸುಟ್ಟುಹೋಗುತ್ತವೆ ಅಂತ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಆ ಡಯೋಡುಗಳೇ ಅದರ ಜೀವ. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದೆ, ಓದಿಕೊಂಡೆ. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾನು ಅದನ್ನು ಅವರಿಗೆ ಓದಿ ಹೇಳಲಿಲ್ಲ. ಮರೆತದ್ದಲ್ಲ. ಅಪ್ಪನಿಗೆ ಗೊತ್ತಿಲ್ಲದ ಒಂದು ವಿಷಯ ನನಗೆ ಗೊತ್ತಿದೆ ಅನ್ನುವ ಹಿಗ್ಗಿಗೆ ಬಾಯಿ ಮುಚ್ಚಿಕೊಂಡೆ.

ಎರಡು ದಿನ ದೋಣಿಯಲ್ಲಿ ಮಂಡಿಯೂರಿ ಕೂತು ಅದನ್ನು ಕಟ್ಟಿದೆ. ಮೂರನೇ ದಿನ ಬೆಳಿಗ್ಗೆ ಅಪ್ಪ ಬಂದರು, ಜೊತೆಗೆ ಅಣ್ಣನೂ ಬಂದ. ಗೌಡರು ಸೆಲ್ಫ್ ಹೊಡೆದರು. ಎಂಜಿನ್ ಸುಮ್ಮನೆ ಗುರುಗುಡುತ್ತಿದ್ದರೂ ಮುಳ್ಳು ಚಾರ್ಜಿನ ಕಡೆಗೆ ಏರಿ ಅಲ್ಲೇ ನಿಂತಿತು. "ಅಬ್ಬಾ, ಗಟ್ಟಿಗಿತ್ತಿ ಕಣವ್ವಾ ನೀನು!" ಅಂದರು ಗೌಡರು. ನಾನು ಅಣ್ಣನ ಮುಖ ನೋಡುತ್ತಿದ್ದೆ. ನೋಡಬೇಕಾಗಿದ್ದದ್ದು ಅಪ್ಪನ ಕೈ.

ನಮ್ಮ ಕಸುಬಿನಲ್ಲಿ ಡೈನಮೋ ಪರೀಕ್ಷೆಗೆ ಒಂದೇ ದಾರಿ. ಗಾಡಿ ಓಡುತ್ತಿರುವಾಗಲೇ ಬ್ಯಾಟರಿ ತಂತಿಯನ್ನು ಎತ್ತಿ ಬಿಡುವುದು. ಎಂಜಿನ್ ನಿಲ್ಲದಿದ್ದರೆ ಡೈನಮೋ ಚೆನ್ನಾಗಿದೆ ಅಂತ ಅರ್ಥ. ಇಪ್ಪತ್ತೈದು ವರ್ಷ ಮಾಡಿದ ಕೆಲಸ, ಅಪ್ಪನ ಕೈ ತಾನಾಗಿ ಹೋಗಿ ತಂತಿ ಎತ್ತಿತು. ನಾನು "ಅಪ್ಪಾ!" ಅನ್ನುವಷ್ಟರಲ್ಲಿ ಚಟ್ ಅಂತ ಸದ್ದಾಗಿ ಸುಟ್ಟ ವಾಸನೆ ಬಂತು. ತಂತಿ ವಾಪಸ್ ಇಟ್ಟರೂ ಮುಳ್ಳು ಏಳಲಿಲ್ಲ.

"ಏನಾಯ್ತವ್ವಾ?" ಅಂದರು ಗೌಡರು.

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ತಲೆ ಎತ್ತದೆ ತಂತಿಯ ನಟ್ಟು ಬಿಗಿಯುತ್ತಿದ್ದರು. ಅಣ್ಣ ಮಾತ್ರ, "ಹೊಸ ಸಾಮಾನು ನೋಡಿ, ಹಿಂಗೇ ಕೈ ಕೊಡೋದು," ಅಂದ. ಗೌಡರು ನಾಳೆ ಅಂಗಡಿಗೆ ಬಂದು ಅಲ್ಲಿರುವ ಹಳೇ ಡೈನಮೋವನ್ನೇ ತೆಗೆದುಕೊಂಡು ಹೋಗುತ್ತೇನೆ ಅಂದರು.

ಅಣ್ಣ ಸೈಕಲ್ ಹತ್ತಿ ಮುಂದೆ ಹೋದ, ಯಶವಂತಪುರದವರೆಗೆ ಅಪ್ಪ ಮಗಳು ನಡೆದೇ ಬಂದೆವು. ನನಗೆ ಅಪ್ಪನ ಮೇಲೆ ಕೆಂಡದಂಥ ಕೋಪ. ತಾನೇ ಕೆಡಿಸಿ ಬಾಯಿ ಬಿಡದೆ ಬಂದರಲ್ಲ ಅಂತ. ಅರ್ಧ ದಾರಿಯಲ್ಲಿ ನೆನಪಾಯಿತು, ಬಾಯಿ ಬಿಡದವಳು ನಾನೂ ಹೌದು. ಆಮೇಲೆ ಕೋಪ ಮಾಡಿಕೊಳ್ಳಲೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಗೌಡರು ಅಂಗಡಿಗೆ ಬಂದರು. ಅಣ್ಣ ಆಗಲೇ ಬೆಂಚಿನ ಪಕ್ಕ ನಿಂತಿದ್ದ. ಅಪ್ಪ ಡೈನಮೋ ಎತ್ತಿ ಕೊಡಲಿಲ್ಲ.

"ಗೌಡ್ರೇ, ಅದನ್ನ ಸುಟ್ಟಿದ್ದು ನಾನು. ತಂತಿ ಎತ್ತಿದ್ದು ನನ್ನ ಕೈ. ಇವಳ ಕೆಲಸ ಸರಿಯಾಗೇ ಇತ್ತು. ನಿನ್ನೇನೇ ಹೇಳ್ಬೇಕಿತ್ತು, ಬಾಯಿ ಬರ್ಲಿಲ್ಲ. ನಂಗೆ ಆ ವಿಷಯ ಗೊತ್ತಿರ್ಲಿಲ್ಲ."

ಅಷ್ಟಕ್ಕೆ ನಾನು ಸುಮ್ಮನಿದ್ದರೆ ಅಂಗಡಿ ನನ್ನದು ಅಂತ ಗೊತ್ತಿತ್ತು. ಇರಲಾಗಲಿಲ್ಲ. ಅಣ್ಣನ ಎದುರಿಗೇ ಹೇಳಿದೆ.

"ನಂಗೆ ಗೊತ್ತಿತ್ತಪ್ಪ. ಪಟ್ಟಿ ಮೇಲೆ ಬರ್ದಿತ್ತು, ಓದಿದ್ದೆ. ಬೇಕು ಅಂತ್ಲೇ ನಿಮಗೆ ಹೇಳ್ಲಿಲ್ಲ."

ಅಪ್ಪ ನನ್ನ ಕಡೆ ತಿರುಗಿದರು. ಬೈಯುತ್ತಾರೆ ಅಂದುಕೊಂಡೆ. ಅಣ್ಣನೂ ಹಾಗೇ ಅಂದುಕೊಂಡಿದ್ದ.

"ಗೊತ್ತಿದ್ದನ್ನ ಮುಚ್ಚಿಡೋದು ನನ್ನಿಂದ್ಲೇ ಕಲ್ತಿದ್ದೀಯ," ಅಂದರು. "ಕೆಲಸಗಾರರು ಮುಚ್ಚಿಟ್ರೆ ನಡೆಯುತ್ತೆ. ಅಂಗಡಿ ನಡೆಸೋರು ಹೇಳ್ಬೇಕು. ಇವರಿಗೆ ಹೇಳು. ನಂಗೂ ಹೇಳು."

ಹಾಗಂದು ಬೆಂಚು ಬಿಟ್ಟು ಎದ್ದು ಬಂದು ಗೌಡರ ಪಕ್ಕದ ಸ್ಟೂಲಿನಲ್ಲಿ ಕೂತರು. ನಾನು ಬೆಂಚಿನ ಹಿಂದೆ ಹೋಗಿ ನಿಂತೆ. ಆ ಪಟ್ಟಿಯಲ್ಲಿ ಬರೆದಿದ್ದನ್ನು ಇಬ್ಬರಿಗೂ ಮೊದಲಿಂದ ಹೇಳತೊಡಗಿದೆ.