ನಾನು ಹಾಕಿದ ಜನವರಿ ಒಂದು

ಸಿಟ್ಟು ಇಂದಿಗೂ ಇಳಿದಿಲ್ಲ. ಗೆಳೆಯನ ಮೇಲೆ ಸ್ವಲ್ಪ, ನನ್ನ ಮೇಲೆ ಬೇಕಾದಷ್ಟು.

೨೦೧೮ರಲ್ಲಿ ಕಾಸರಗೋಡು ಪೇಟೆಯ ಒಂದು ಜವಳಿ ಅಂಗಡಿಯ ಮಾಳಿಗೆಯಲ್ಲಿ ನಾನು ಮತ್ತು ನನ್ನ ಕಾಲೇಜಿನ ಗೆಳೆಯ ವೆಬ್ ಪುಟಗಳಿಗೆ ಬೇಕಾದ ಬಿಡಿಭಾಗಗಳ ಒಂದು ಲೈಬ್ರರಿ ಕಟ್ಟುತ್ತಿದ್ದೆವು. ಬಟನ್ನು, ಹೆಸರು ಬರೆಯುವ ಚೌಕ, ತಾರೀಕು ಆರಿಸುವ ಕ್ಯಾಲೆಂಡರು. ಒಮ್ಮೆ ಮಾಡಿಟ್ಟರೆ ಯಾರು ಬೇಕಾದರೂ ತಮ್ಮ ಫಾರ್ಮಿಗೆ ಜೋಡಿಸಿಕೊಳ್ಳಬಹುದು. ಕ್ಯಾಲೆಂಡರು ನನ್ನ ಪಾಲಿನದು.

ಪರೀಕ್ಷೆಗೆಂದು ಲ್ಯಾಪ್‌ಟಾಪನ್ನು ಎಣ್ಮಕಜೆ ಊರಿನ ನನ್ನ ದೊಡ್ಡಮ್ಮನ ಮುಂದೆ ಇಟ್ಟೆ. ಹುಟ್ಟಿದ ದಿನ ಕೇಳಿದರೆ ನಕ್ಕುಬಿಟ್ಟರು. “ಆಟಿ ತಿಂಗಳ ಜೋರು ಮಳೆಯಲ್ಲಿ ಅಂತ ಅಮ್ಮ ಹೇಳ್ತಿದ್ರು. ತಾರೀಕು ಯಾರು ಬರೆದಿಟ್ಟಿದ್ದಾರೆ ಮಗಳೇ?” ಅವರ ಗುರುತಿನ ಚೀಟಿಯಲ್ಲಿಯೂ ಇಸವಿ ಮಾತ್ರ ಇತ್ತು. ಆ ಪ್ರಾಯದ ಅರ್ಧ ಊರೇ ಹಾಗೆ. ಇಸವಿಯಷ್ಟೇ ಕೊಟ್ಟರೂ ಸಾಕಾಗುವಂತೆ ಕ್ಯಾಲೆಂಡರನ್ನು ತಿದ್ದಿದೆ.

ಕೋಡು ಸರಿಯಿದೆಯೇ ಎಂದು ತಾನಾಗಿ ತಪಾಸಣೆ ಮಾಡುವ ನಮ್ಮ ಟೆಸ್ಟ್‌ಗಳು ದಿನವಿಲ್ಲದ ತಾರೀಕನ್ನು ಒಪ್ಪಲಿಲ್ಲ. ಗೆಳೆಯ ಹಾರಾಡಿದ. “ನೋಡು, ಹನ್ನೊಂದು ಟೆಸ್ಟ್ ಕೆಂಪು ತೋರಿಸ್ತಾ ಉಂಟು. ನಾಳೆ ಪಬ್ಲಿಷ್ ಮಾಡ್ಲಿಕ್ಕುಂಟು ಮಾರಾಯ್ತಿ. ದಿನ ಕೊಡದಿದ್ರೆ ಜನವರಿ ಒಂದು ಅಂತ ಅದೇ ಹಾಕ್ಲಿ. ಯಾರಿಗೆ ಎಂತ ನಷ್ಟ?”

ವಾದಿಸಲು ಬೇಸರವಾಯಿತು. ಆ ಸಾಲನ್ನು ನಾನೇ ಬರೆದೆ. ಟೆಸ್ಟ್‌ಗಳೆಲ್ಲ ಹಸಿರಾದವು, ಲೈಬ್ರರಿ ಪ್ರಕಟವಾಯಿತು, ನಾವು ಕೆಳಗಿಳಿದು ಲೈಮ್ ಸೋಡಾ ಕುಡಿದು ಬಂದೆವು. ನೆನೆದರೆ ಮೈ ಉರಿಯುತ್ತದೆ.

ಮರುವರ್ಷ ದೊಡ್ಡಮ್ಮನ ಪಿಂಚಣಿ ಅರ್ಜಿ ವಾಪಸ್ಸು ಬಂತು. ಚೀಟಿಯಲ್ಲಿ ಇಲ್ಲದ ತಾರೀಕು ಅರ್ಜಿಯಲ್ಲಿ ಎಲ್ಲಿಂದ ಬಂತು ಎಂದು ಆಕ್ಷೇಪ. ಅರ್ಜಿ ತುಂಬಿಸಿದ ಆನ್‌ಲೈನ್ ಅಂಗಡಿಗೆ ಅವರ ಜೊತೆ ಹೋದೆ. ಪರದೆಯ ಮೇಲಿನ ಪಿಂಚಣಿ ಫಾರ್ಮಿನಲ್ಲಿ ನನ್ನದೇ ಕ್ಯಾಲೆಂಡರು.

“ನಾವು ಹಾಕಿದ್ದಲ್ಲ ಅಕ್ಕ, ಅದೇ ಹಾಕ್ತದೆ,” ಎಂದಳು ಟೈಪು ಮಾಡುವವಳು.

“ಇದನ್ನು ಮಾಡಿದವರಿಗೆ ತಲೆ ಸರಿ ಉಂಟಾ?” ದೊಡ್ಡಮ್ಮ ರೇಗಿದರು.

“ಮಾಡಿದ್ದು ನಾನೇ, ದೊಡ್ಡಮ್ಮ.”

ಅವರು ವಾಪಸ್ಸು ಬಂದ ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಬೈದಿದ್ದರೆ ಒಳ್ಳೆಯದಿತ್ತು.

ಅದೇ ವಾರ ಕ್ಯಾಲೆಂಡರನ್ನು ಸರಿಮಾಡಿ ಮತ್ತೆ ಪ್ರಕಟಿಸಿದೆ. ಆದರೆ ಆ ಫಾರ್ಮು ಮಾಡಿದವರು ಹಳೆಯ ಪ್ರತಿಯನ್ನೇ ಇಟ್ಟುಕೊಂಡು ಕುಳಿತಿದ್ದರು. ಮೂರು ಸಲ ಬರೆದರೂ ಉತ್ತರವಿಲ್ಲ. ಪಿಂಚಣಿ ಕಚೇರಿಯವರದ್ದು ಬೇರೆಯೇ ಪರಿಹಾರ: ಹುಟ್ಟಿದ್ದು ಜನವರಿ ಒಂದಕ್ಕೇ ಎಂದು ಅಫಿಡವಿಟ್ ಕೊಟ್ಟರೆ ಸಾಕು, ಪಿಂಚಣಿ ಬರುತ್ತದೆ.

ದೊಡ್ಡಮ್ಮ ಅದನ್ನು ನನ್ನಿಂದ ಓದಿಸಿ ಕೇಳಿದರು. ಸತ್ಯವೆಂದು ಪ್ರಮಾಣ ಮಾಡುತ್ತೇನೆ ಎಂಬಲ್ಲಿ ಎರಡು ಸಲ ಓದಿಸಿದರು. ಆಮೇಲೆ ಕನ್ನಡಕ ಹಾಕಿಕೊಂಡು ನಿಧಾನವಾಗಿ ಸಹಿ ಹಾಕಿ ಪೆನ್ನನ್ನು ನನ್ನ ಕೈಗೆ ಕೊಟ್ಟರು.

“ಈ ಪ್ರಾಯದಲ್ಲಿ ನನ್ನಿಂದ ಸುಳ್ಳಿಗೆ ಸೈನ್ ಹಾಕಿಸಿದೆಯಲ್ಲ ಮಗಳೇ,” ಎಂದರು.